ಬಸವನ ಹಣೆಯ ಸುಳಿ

ಬಣ್ಣದ ಪೆನ್ಸಿಲ್‌ನಲ್ಲಿ ಮಾಡಿದ ಚಿತ್ರವನ್ನು ಗೋಡೆಗೆ ಹಾಕಿದರೆ, ನೋಡಲು ಬಂದವರು ಮೊದಲು ಕೇಳುವುದು ಎರಡೇ ಪ್ರಶ್ನೆ. ಇದು ಫೋಟೋ ಅಲ್ವಾ? ಎಷ್ಟು ದಿನ ಬೇಕಾಯಿತು? ಉತ್ತರ ಕೇಳಿಕೊಂಡು ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಅವರದೇನೂ ತಪ್ಪಿಲ್ಲ. ಪೆನ್ಸಿಲ್ ಚಿತ್ರದಲ್ಲಿ ಕುಂಚದ ಗುರುತು ಇರುವುದಿಲ್ಲ, ಬಣ್ಣದ ಉಬ್ಬು ಇರುವುದಿಲ್ಲ. ಬರೆದವರು ಎಲ್ಲಿ ನಿಂತು ಯೋಚಿಸಿದರು, ಯಾವ ಬಣ್ಣ ಮೊದಲು ಹಾಕಿದರು, ಎಲ್ಲವೂ ಮೇಲಿನ ಪದರದ ಕೆಳಗೆ ಮುಚ್ಚಿಹೋಗಿರುತ್ತದೆ. ಬಾಯಿಬಿಟ್ಟು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಅದಕ್ಕೇ ಮೈಸೂರಿನಲ್ಲಿ ನಾವು ಒಂದಷ್ಟು ಜನ ಸೇರಿ ಚಿತ್ರದ ಕಥೆ ಹೇಳುವ ಕೂಟ ಶುರು ಮಾಡಿದೆವು. ಸರಸ್ವತಿಪುರಂನಲ್ಲಿ ಒಬ್ಬರ ಮನೆಯ ಮಹಡಿ, ಭಾನುವಾರ ಸಂಜೆ. ಗೋಡೆಗೆ ನಾಲ್ಕೈದು ಚಿತ್ರ ಹಾಕುತ್ತೇವೆ. ಬರೆದವರು ತಮ್ಮ ಚಿತ್ರದ ಪಕ್ಕ ನಿಂತು ಅದರ ಕಥೆ ಹೇಳಬೇಕು. ಕೇಳಲು ಬರುವವರು ನಮ್ಮ ಮನೆಯವರು, ಅಕ್ಕಪಕ್ಕದ ಬೀದಿಯವರು, ಚಿತ್ರಕಲೆ ಓದುತ್ತಿರುವ ಹುಡುಗ ಹುಡುಗಿಯರು. ನಾನು ಒಂದು ಚಿತ್ರ ಶುರು ಮಾಡಿದಲ್ಲಿಂದ ಅದರ ಕಥೆ ಹೇಳಿ ಮುಗಿಸುವ ತನಕ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಚಿತ್ರ ನಮ್ಮ ದೊಡ್ಡಪ್ಪನ ಎತ್ತಿನದು.

ಅದಕ್ಕೂ ಮೊದಲು ಉಳಿದವರ ಕಥೆ ಸ್ವಲ್ಪ ಹೇಳಬೇಕು. ಅವರಿಂದಲೇ ನನಗೆ ದಾರಿ ಗೊತ್ತಾದದ್ದು.

ಮೊದಮೊದಲು ಎಲ್ಲರ ಕಥೆಯೂ ಒಂದೇ ಬಗೆಯಲ್ಲಿತ್ತು. ಅಜ್ಜಿ ನೆನಪಾದರು, ಊರು ನೆನಪಾಯಿತು, ಅದಕ್ಕೆ ಬರೆದೆ. ಆ ಮಾತು ನಿಜವೇ. ಆದರೆ ಕೇಳುವವರ ಕಣ್ಣು ಚಿತ್ರದ ಮೇಲೆ ಇರುತ್ತಿರಲಿಲ್ಲ, ಹೇಳುವವರ ಮುಖದ ಮೇಲೆ ಇರುತ್ತಿತ್ತು. ನಮ್ಮಲ್ಲೊಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಅವರು ದೇವರಾಜ ಮಾರುಕಟ್ಟೆಯ ಕುಂಕುಮದ ರಾಶಿಗಳನ್ನು ಬರೆದಿದ್ದರು. ಮಾರುಕಟ್ಟೆ ನೂರು ವರ್ಷಕ್ಕೂ ಹಳೆಯದು, 2016ರ ಆಗಸ್ಟ್‌ನಲ್ಲಿ ಕಟ್ಟಡದ ಒಂದು ಭಾಗ ಕುಸಿಯಿತು, ಕೆಡವಬೇಕೋ ಉಳಿಸಿಕೊಳ್ಳಬೇಕೋ ಅಂತ ಊರೆಲ್ಲ ಚರ್ಚೆಯಾಯಿತು. ಇದನ್ನೆಲ್ಲ ಅವರು ಚೆನ್ನಾಗಿಯೇ ಹೇಳಿದರು. ಎಲ್ಲರೂ ಸುಮ್ನೆ ತಲೆಯಾಡಿಸಿದರು. ಆಗ ಒಬ್ಬ ಹುಡುಗ ಕೇಳಿದ: "ಸಾರ್, ಈ ಹಳದಿ ರಾಶಿಯ ಬುಡದಲ್ಲಿ ಗುಲಾಬಿ ಬಣ್ಣ ಯಾಕಿದೆ?"

ಮೇಷ್ಟ್ರ ಮುಖ ಅರಳಿತು. ಪಕ್ಕದಲ್ಲಿ ಗುಲಾಬಿ ರಾಶಿ ಇದೆ ನೋಡು, ಅದರ ಮೇಲೆ ಬಿದ್ದ ಬಿಸಿಲು ಹಳದಿಯ ಮೇಲೆ ಚಿಮ್ಮುತ್ತದೆ ಅಂದರು. ಅದನ್ನು ಕಾಣಬೇಕು ಅಂತಲೇ ಅವರು ಬೆಳಿಗ್ಗೆ ಹೋಗಿ ಅಂಗಡಿ ಮುಂದೆ ಕೂರುತ್ತಿದ್ದರಂತೆ. ಅಂಗಡಿಯವರು ಇವರ ಆಸೆ ನೋಡಿ ತಟ್ಟೆಗಳನ್ನು ಬಿಸಿಲಿಗೆ ಸರಿಸಿ ಕೊಟ್ಟರಂತೆ. ಗುಲಾಬಿಯನ್ನು ಹಳದಿ ಪಕ್ಕ ಒಮ್ಮೆ, ನೀಲಿ ಪಕ್ಕ ಒಮ್ಮೆ. ಇದನ್ನು ಹೇಳುವಾಗ ಕೋಣೆಯಲ್ಲಿದ್ದವರೆಲ್ಲ ಎದ್ದು ಚಿತ್ರದ ಹತ್ತಿರ ಬಂದರು. ನಮ್ಮ ಕೂಟ ನಿಜವಾಗಿ ಶುರುವಾದದ್ದು ಅವತ್ತು ಅಂತ ನಾನು ನಂಬಿದ್ದೇನೆ. ಚಿತ್ರದ ಕಥೆ ಅಂದರೆ ಏನು ಅನ್ನಿಸಿತು ಅನ್ನುವುದಷ್ಟೇ ಅಲ್ಲ. ಏನು ಕಂಡಿತು, ಅದು ಕಾಗದದ ಮೇಲೆ ಹೇಗೆ ಬಂತು, ಅದನ್ನು ತೋರಿಸಿಕೊಟ್ಟವರು ಯಾರು ಅನ್ನುವುದೂ ಕಥೆಯೇ.

ಮೇಷ್ಟ್ರ ಇನ್ನೊಂದು ಗುಣ ಹೇಳಲೇಬೇಕು. ಬಣ್ಣದ ಪೆನ್ಸಿಲ್‌ಗಳಲ್ಲಿ ಗುಲಾಬಿ, ನೇರಳೆ ಬಣ್ಣಗಳು ಬೆಳಕಿಗೆ ಬೇಗ ಮಾಸುವುದು ಜಾಸ್ತಿ. ಪೆಟ್ಟಿಗೆಯ ಮೇಲೆ ಬರೆದದ್ದನ್ನು ಅವರು ಹಾಗೇ ನಂಬುವುದಿಲ್ಲ. ತಮ್ಮಲ್ಲಿರುವ ಪ್ರತಿ ಗುಲಾಬಿಯನ್ನೂ ಕಾಗದದ ಪಟ್ಟಿಯ ಮೇಲೆ ತೀಡಿ, ಅರ್ಧ ಭಾಗಕ್ಕೆ ಕಪ್ಪು ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸುತ್ತಾರೆ. ತಿಂಗಳುಗಟ್ಟಲೆ ಬಿಟ್ಟು ಆಮೇಲೆ ರಟ್ಟು ತೆಗೆದು ನೋಡುತ್ತಾರೆ. ಮಾಸಿದ್ದನ್ನು ಮಕ್ಕಳಿಗೆ ಕೊಟ್ಟುಬಿಡುತ್ತಾರೆ. ಬಣ್ಣದ ಪೆನ್ಸಿಲ್ ಬೆಳಕಿಗೆ ಎಷ್ಟು ತಡೆಯುತ್ತದೆ ಅಂತ ಅಳೆಯಲು ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಡಿ6901 ಅನ್ನುವ ಮಾನದಂಡವೇ ಇದೆ. ಕ್ಯಾರನ್ ಡಾಷ್ ಕಂಪನಿಯ ಲ್ಯುಮಿನೆನ್ಸ್ 6901 ಪೆನ್ಸಿಲ್‌ಗೆ ಆ ಸಂಖ್ಯೆ ಬಂದದ್ದು ಅಲ್ಲಿಂದಲೇ. ದುಬಾರಿ ಪೆನ್ಸಿಲ್. ಮೇಷ್ಟ್ರು ಬಿಡಿಯಾಗಿ ಒಂದೊಂದೇ ಕೊಳ್ಳುತ್ತಾರೆ.

ಮಂಡ್ಯದಿಂದ ರೈಲಿನಲ್ಲಿ ಬರುವ ಅಕ್ಕ ಒಬ್ಬರಿದ್ದಾರೆ. ಅವರ ಚಿತ್ರ ಒಂದು ಹಿತ್ತಾಳೆ ಬಿಂದಿಗೆ. ಅತ್ತೆಯವರದಂತೆ. ಹೊಟ್ಟೆಯ ಹತ್ತಿರ ದೊಡ್ಡ ನೆಗ್ಗು. ನೆಗ್ಗಿಲ್ಲದ ಜಾಗದಲ್ಲಿ ಅಂಗಳ, ಬಾಗಿಲು, ಆಕಾಶ ಎಲ್ಲ ಉದ್ದಕ್ಕೆ ಬಾಗಿ ಕಾಣುತ್ತದೆ. ನೆಗ್ಗಿನ ಒಳಗೆ ಅದೇ ಅಂಗಳ ತಲೆಕೆಳಗಾಗಿದೆ. ಹಿತ್ತಾಳೆಯ ಬಣ್ಣ ಅಂತ ಒಂದು ಪೆನ್ಸಿಲ್ ಇಲ್ಲ ಅಂತ ಅವರು ಹೇಳಿದರು. ಹಿತ್ತಾಳೆ ಸುತ್ತಲಿನ ಬಣ್ಣವನ್ನೆಲ್ಲ ಕುಡಿದು ಹಳದಿಯಲ್ಲಿ ತೋರಿಸುತ್ತದೆ. ಹಾಗಾಗಿ ಬಿಂದಿಗೆ ಬರೆಯಬೇಕಾದರೆ ಅಂಗಳವನ್ನೇ ಬರೆಯಬೇಕು. ಆ ಅಂಗಳದಲ್ಲಿ ಸಣ್ಣದೊಂದು ಬಿಳಿ ಚುಕ್ಕೆ ಇದೆ, ಅದು ನೋಡುತ್ತ ಕೂತ ಅವರದೇ ಸೀರೆ.

ಇನ್ನು ನನ್ನ ಚಿತ್ರ.

ದೊಡ್ಡಪ್ಪನ ಊರು ಪಾಂಡವಪುರ ತಾಲ್ಲೂಕಿನಲ್ಲಿ. ವಿಶ್ವೇಶ್ವರಯ್ಯ ನಾಲೆಯ ನೀರು, ಕಬ್ಬು, ಭತ್ತ. ಈಗ ಉಳುವುದು ಟ್ರ್ಯಾಕ್ಟರ್. ಆದರೂ ದೊಡ್ಡಪ್ಪ ಒಂದು ಎತ್ತನ್ನು ಉಳಿಸಿಕೊಂಡಿದ್ದಾರೆ. ಹೆಸರು ಬಸವ. ಹಳ್ಳಿಕಾರ್ ತಳಿ. ನಮ್ಮ ಮಂಡ್ಯ, ಮೈಸೂರು, ತುಮಕೂರು, ಹಾಸನದ ಕಡೆಯ ದುಡಿಮೆಯ ತಳಿ ಇದು. ಮೈಸೂರು ಅರಸರ ಕಾಲದ ಅಮೃತಮಹಲ್ ತಳಿಯ ಮೂಲವೂ ಇದೇ. 2000ನೇ ಇಸವಿಯಲ್ಲಿ ಅಂಚೆ ಇಲಾಖೆ ಹಳ್ಳಿಕಾರ್ ಚಿತ್ರದ ಅಂಚೆಚೀಟಿಯನ್ನೂ ತಂದಿತ್ತು. ಬೂದು ಮೈ, ಉಬ್ಬಿದ ಹಣೆ, ಹಣೆಯ ನಡುವೆ ಒಂದು ತಗ್ಗು. ಕೊಂಬುಗಳು ನೆತ್ತಿಯಲ್ಲಿ ಹತ್ತಿರ ಹತ್ತಿರ ಹುಟ್ಟಿ, ನೇರವಾಗಿ ಹಿಂದಕ್ಕೆ ಹೋಗಿ, ತುದಿಯಲ್ಲಿ ಮೆಲ್ಲಗೆ ಮುಂದಕ್ಕೆ ಬಾಗುತ್ತವೆ. ಕಣ್ಣಿನ ಸುತ್ತ, ಕೆನ್ನೆಯ ಮೇಲೆ ತಿಳಿ ಬಣ್ಣ. ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಮುಖ ಬೇಕಾ?

ಸಂಕ್ರಾಂತಿ ಕಳೆದ ವಾರ ಊರಿಗೆ ಹೋದೆ. ಬೆಳಿಗ್ಗೆ ಎಳೆ ಬಿಸಿಲು ಒಂದು ಪಕ್ಕದಿಂದ ಬೀಳುವಾಗ ಕೊಟ್ಟಿಗೆಯ ಮುಂದೆ ಬಸವನನ್ನು ಕಟ್ಟಿಸಿದೆ. ನೆತ್ತಿಯ ಮೇಲೆ ಬಿಸಿಲು ಬಂದರೆ ಮುಖ ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದ ಬಿಸಿಲಿನಲ್ಲಿ ಮೂಳೆ, ತಗ್ಗು, ಕೂದಲು ಎಲ್ಲ ಎದ್ದು ನಿಲ್ಲುತ್ತದೆ. ಫೋನಿನಲ್ಲಿ ಫೋಟೋ ತೆಗೆದೆ. ಕಣ್ಣಿಗೆ ಬೇರೆ, ಮೂತಿಗೆ ಬೇರೆ, ನೆರಳಿನ ಭಾಗಕ್ಕೆ ಬೇರೆ. ಒಂದೇ ಫೋಟೋದಲ್ಲಿ ನೆರಳೆಲ್ಲ ಕಪ್ಪಗಾಗಿ ಒಳಗೇನಿದೆ ಅಂತ ತಿಳಿಯುವುದಿಲ್ಲ. ಜೊತೆಗೆ ನನ್ನ ಬಣ್ಣದ ಪಟ್ಟಿ ಒಯ್ದಿದ್ದೆ. ನನ್ನಲ್ಲಿರುವ ಎಲ್ಲ ಪೆನ್ಸಿಲ್ ಬಣ್ಣವನ್ನು ಸಣ್ಣ ಚೌಕಗಳಲ್ಲಿ ತೀಡಿಟ್ಟ ಕಾಗದ ಅದು. ಅದನ್ನು ಎತ್ತಿನ ಕುತ್ತಿಗೆಗೆ, ಗಂಗೆದೊಗಲಿಗೆ, ಕಿವಿಗೆ ಹಿಡಿದು, ಹೊಂದುವ ಬಣ್ಣದ ಹೆಸರು ಬರೆದುಕೊಂಡೆ. ಫೋನಿನ ಬಣ್ಣವನ್ನು ನಂಬಿದರೆ ಬೂದು ಮೈ ನೀಲಿಯಾಗಿಬಿಡುತ್ತದೆ.

ಕೆನ್ನೆಯ ಬಿಳಿಗೆ ಪಟ್ಟಿ ಹಿಡಿದಾಗ ಆಶ್ಚರ್ಯವಾಯಿತು. ಬಿಳಿಯಲ್ಲ, ಹಳದಿ. ಹಬ್ಬದ ದಿನ ಮೈ ತೊಳೆದು ಅರಿಶಿನ ಹಚ್ಚಿದ್ದರು, ಅದು ಇನ್ನೂ ಹೋಗಿರಲಿಲ್ಲ. ಕೊಂಬಿಗೆ ಬಳಿದ ಬಣ್ಣವೂ ಅರ್ಧ ಉದುರಿತ್ತು. ಬುಡದಲ್ಲಿ ಕೆಂಪು, ನಡುವೆ ಅಲ್ಲಲ್ಲಿ ಹಸಿರು, ಉಜ್ಜಿಕೊಂಡ ಕಡೆ ಕೊಂಬಿನದೇ ಕಂದು. ಊರಿನವರೊಬ್ಬರು, ಬಣ್ಣ ಪೂರ್ತಿ ತೊಳೆದುಬಿಡವ್ವ, ಚೆನ್ನಾಗಿ ಕಾಣ್ತದೆ ಅಂದರು. ನನಗೆ ಅದು ಇದ್ದ ಹಾಗೇ ಬೇಕಾಗಿತ್ತು. ಹಬ್ಬದ ಎತ್ತನ್ನು ಎಲ್ಲರೂ ಬರೆಯುತ್ತಾರೆ. ಹೂವಿನ ಹಾರ, ಕಿಚ್ಚು ಹಾಯುವ ಬೆಂಕಿ, ಬಲೂನು. ಹಬ್ಬ ಮುಗಿದ ಮೇಲಿನ ಎತ್ತನ್ನು ಬರೆದವರು ಕಡಿಮೆ.

ಕೂದಲಿನ ದಿಕ್ಕು ನೋಡಬೇಕು ಅಂತ ಹಣೆಯ ಮೇಲೆ ಕೈ ಆಡಿಸುತ್ತಿದ್ದೆ. ಪ್ರಾಣಿಯ ಮುಖ ಬರೆಯುವಾಗ ಬಣ್ಣಕ್ಕಿಂತ ದಿಕ್ಕು ಮುಖ್ಯ. ಕೂದಲು ಯಾವ ಕಡೆ ಮಲಗಿದೆಯೋ ಪೆನ್ಸಿಲ್ ಆ ಕಡೆಗೇ ಹೋಗಬೇಕು. ಎದುರು ದಿಕ್ಕಿಗೆ ಹೋದರೆ ಬಣ್ಣ ಎಷ್ಟೇ ಸರಿಯಿದ್ದರೂ ಅದು ಚರ್ಮ ಅನ್ನಿಸುವುದಿಲ್ಲ. ಬಸವನ ಹಣೆಯಲ್ಲಿ ಒಂದು ಕಡೆ ಕೂದಲು ಇದ್ದಕ್ಕಿದ್ದಂತೆ ತಿರುಗಿತು. ಸುಳಿ. ಹಣೆಯ ನಡುವೆ ಇರಬೇಕಾದದ್ದು ಎಡಗಣ್ಣಿನ ಕಡೆಗೆ ಸರಿದಿತ್ತು.

ದೊಡ್ಡಪ್ಪ ಅಲ್ಲೇ ಕೂತು ನೋಡುತ್ತಿದ್ದರು. "ಅದ್ನ ಬುಟ್ಟು ಬರೀಬ್ಯಾಡ ಕಣವ್ವ," ಅಂದರು. "ಅದ್ನ ಬುಟ್ರೆ ಇವ್ನು ಬ್ಯಾರೆ ಎತ್ತಾಯ್ತನೆ."

ಆಮೇಲೆ ಕಥೆ ಹೇಳಿದರು. ಬಸವನನ್ನು ತಂದದ್ದು ಹೇಮಗಿರಿ ಜಾತ್ರೆಯಿಂದ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಹೇಮಾವತಿ ದಂಡೆಯಲ್ಲಿ ನಡೆಯುವ ದನಗಳ ಜಾತ್ರೆ ಅದು. ದನ ಕೊಳ್ಳುವವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯೋ ಅಂತ ನೋಡಿ ವಯಸ್ಸು ಹೇಳುತ್ತಾರೆ. ಆಮೇಲೆ ಕಾಲು, ಗೊರಸು, ನಡಿಗೆ. ಆಮೇಲೆ ಸುಳಿ. ಯಾವ ಸುಳಿ ಎಲ್ಲಿದ್ದರೆ ಮನೆಗೆ ಒಳ್ಳೆಯದು, ಎಲ್ಲಿದ್ದರೆ ಕೆಟ್ಟದ್ದು ಅಂತ ಹಳಬರ ಬಾಯಲ್ಲಿ ದೊಡ್ಡ ಲೆಕ್ಕವೇ ಇದೆ. ಬಸವನ ಹಲ್ಲು, ಕಾಲು ಎಲ್ಲ ಒಪ್ಪಿದವರು ಹಣೆ ನೋಡಿ ಬಿಟ್ಟು ಹೋಗುತ್ತಿದ್ದರಂತೆ. ಜಾತ್ರೆ ಮುಗಿಯುವ ಹೊತ್ತಿಗೂ ಅವನು ಹಾಗೇ ನಿಂತಿದ್ದನಂತೆ.

"ಎಲ್ರೂ ಬ್ಯಾಡ ಅಂದ್ರು. ನಾನು ಕಣ್ ನೋಡ್ದೆ, ಕಾಲ್ ನೋಡ್ದೆ. ಉಳೋದು ಕಾಲು ಕಣವ್ವ, ಸುಳಿ ಉಳ್ತದಾ?"

ಅಲ್ಲಿಗೆ ನನ್ನ ಚಿತ್ರದ ನಡುಭಾಗ ಯಾವುದು ಅಂತ ತೀರ್ಮಾನವಾಯಿತು. ಕೊಂಬಲ್ಲ, ಕಣ್ಣಲ್ಲ. ಆ ಸುಳಿ.

ಮೈಸೂರಿಗೆ ಬಂದು ಮೊದಲು ಮಾಡಿದ್ದು ದಿಕ್ಕಿನ ನಕ್ಷೆ. ಫೋಟೋದ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು, ಮುಖದ ತುಂಬ ಸಣ್ಣ ಬಾಣಗಳನ್ನು ಬರೆದೆ. ಮೂಗಿನ ಮೇಲೆ ಕೆಳಮುಖ, ಕೆನ್ನೆಯಲ್ಲಿ ಹಿಂದಕ್ಕೆ, ಸುಳಿಯ ಸುತ್ತ ಎಲ್ಲ ಕಡೆಗೂ ಬಾಗುತ್ತ. ಕೈ ನೆನಪಿಟ್ಟುಕೊಂಡಿದ್ದನ್ನೂ ಅದರಲ್ಲಿ ಸೇರಿಸಿದೆ. ಫೋಟೋದಲ್ಲಿ ಕಾಣದ ಒಂದು ತಿರುವು ಬೆರಳಿಗೆ ಸಿಕ್ಕಿತ್ತು.

ಕಾಗದ 300 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹತ್ತಿ ಕಾಗದ, ಹಾಟ್ ಪ್ರೆಸ್. ಅಂದರೆ ಮೇಲ್ಮೈ ನುಣುಪು, ಆದರೆ ಬಣ್ಣ ಹಿಡಿಯುವಷ್ಟು ತರಿ ಇರುತ್ತದೆ. ಬಣ್ಣದ ಪೆನ್ಸಿಲ್ ಕೆಲಸವೆಲ್ಲ ನಿಂತಿರುವುದು ಈ ತರಿಯ ಮೇಲೆ. ಪೆನ್ಸಿಲ್‌ನ ಒಳಗಿನ ಕಡ್ಡಿಯಲ್ಲಿ ಇರುವುದು ಬಣ್ಣದ ಪುಡಿ, ಜೇಡಿಮಣ್ಣಿನಂಥ ಪುಡಿ, ಅವನ್ನು ಹಿಡಿದಿಡುವ ಮೇಣ ಇಲ್ಲವೇ ಎಣ್ಣೆ. ಸೀಸದ ಕಡ್ಡಿಯ ಹಾಗೆ ಇದನ್ನು ಸುಡುವುದಿಲ್ಲ. ಅದಕ್ಕೇ ಮೆದು, ಕೆಳಗೆ ಬಿದ್ದರೆ ಒಳಗೇ ಮುರಿಯುತ್ತದೆ. ಕಾಗದದ ತರಿ ಆ ಮೇಣದ ಬಣ್ಣವನ್ನು ಸ್ವಲ್ಪ ಸ್ವಲ್ಪವೇ ಕೆರೆದುಕೊಂಡು ಇಟ್ಟುಕೊಳ್ಳುತ್ತದೆ. ಜೋರಾಗಿ ಒತ್ತಿ ತೀಡಿದರೆ ತರಿ ಒಂದೇ ಸಲಕ್ಕೆ ತುಂಬಿಹೋಗುತ್ತದೆ, ಮೇಲೆ ಇನ್ನೊಂದು ಬಣ್ಣ ಕೂರುವುದಿಲ್ಲ. ಹಾಗಾಗಿ ಮೊದಲ ಪದರಗಳಲ್ಲಿ ಪೆನ್ಸಿಲ್‌ನ ತೂಕ ಬಿಟ್ಟರೆ ಬೇರೆ ಒತ್ತಡ ಇರಬಾರದು.

ಗೆರೆಯನ್ನು ಬೇರೆ ಹಾಳೆಯಲ್ಲಿ ಮುಗಿಸಿಕೊಂಡು, ಒಳ್ಳೆಯ ಕಾಗದಕ್ಕೆ ತಿಳಿ ಕಂದು ಪೆನ್ಸಿಲ್‌ನಲ್ಲಿ ಇಳಿಸಿದೆ. ಸೀಸದ ಪೆನ್ಸಿಲ್ ಬಳಸಿದರೆ ಆ ಕಪ್ಪು ಪುಡಿ ತಿಳಿ ಬಣ್ಣಗಳ ಜೊತೆ ಸೇರಿ ಮಂಕಾಗುತ್ತದೆ. ಇನ್ನು ಬಣ್ಣ ಮುಟ್ಟುವ ಮೊದಲೇ ಮಾಡಬೇಕಾದ ಒಂದು ಕೆಲಸವಿದೆ. ಎತ್ತಿನ ಮೂತಿಯ ಸುತ್ತ ಬೆಳ್ಳನೆಯ ಗಡುಸು ಮೀಸೆ ಇರುತ್ತದಲ್ಲ, ಕಿವಿಯೊಳಗೆ ನೀಳ ಕೂದಲು, ಅವನ್ನು ಆಮೇಲೆ ಬಿಳಿ ಪೆನ್ಸಿಲ್‌ನಲ್ಲಿ ಬರೆಯಲು ಆಗುವುದಿಲ್ಲ. ಗಾಢ ಬಣ್ಣದ ಮೇಲೆ ಬಿಳಿ ಮಂಕಾಗಿ ಕೂರುತ್ತದೆ. ಅದಕ್ಕೆ ರೀಫಿಲ್ ಖಾಲಿಯಾದ ಬಾಲ್‌ಪೆನ್ ತೆಗೆದುಕೊಂಡು ಕಾಗದದ ಮೇಲೆ ಒತ್ತಿ ಗೆರೆ ಎಳೆಯಬೇಕು. ಕಾಗದದಲ್ಲಿ ತೆಳ್ಳನೆಯ ತಗ್ಗು ಬೀಳುತ್ತದೆ. ಆಮೇಲೆ ಮೇಲೆ ಎಷ್ಟೇ ಬಣ್ಣ ತೀಡಿದರೂ ಪೆನ್ಸಿಲ್ ಆ ತಗ್ಗಿನ ಮೇಲೆ ಹಾದುಹೋಗುತ್ತದೆ, ಗೆರೆ ಬೆಳ್ಳಗೆ ಉಳಿಯುತ್ತದೆ. ಈ ಗೆರೆಗಳನ್ನು ಅಳಿಸಲು ಬರುವುದಿಲ್ಲ. ಪ್ರತಿ ಕೂದಲನ್ನೂ ಉಸಿರು ಹಿಡಿದು ಎಳೆಯಬೇಕು.

ಕಣ್ಣಿನಿಂದ ಶುರು ಮಾಡಿದೆ. ಕಣ್ಣು ಸರಿಯಾದರೆ ಉಳಿದದ್ದಕ್ಕೆ ಧೈರ್ಯ ಬರುತ್ತದೆ. ಎತ್ತಿನ ಕಣ್ಣು ದೂರಕ್ಕೆ ಕಪ್ಪು. ಹತ್ತಿರ ಹೋದರೆ ಒಳಗೆ ಗಾಢ ನೀಲಿ, ಕೆಳಗೆ ಬೆಲ್ಲದ ಕಂದು, ಮೇಲೆ ಆಕಾಶದ ತುಣುಕು. ರೆಪ್ಪೆಯ ನೆರಳು ಆ ತುಣುಕನ್ನು ಸೀಳಿರುತ್ತದೆ. ಆಕಾಶದ ಜಾಗವನ್ನು ಕಾಗದದ ಬಿಳಿಯಾಗಿಯೇ ಬಿಟ್ಟೆ.

ಇದನ್ನು ನಾನು ಕಲಿತದ್ದು ಜಗನ್ಮೋಹನ ಅರಮನೆಯಲ್ಲಿ. 1861ರಲ್ಲಿ ಕಟ್ಟಿದ ಅರಮನೆ, ಈಗ ಅದರೊಳಗೆ ಜಯಚಾಮರಾಜೇಂದ್ರ ಚಿತ್ರಶಾಲೆ ಇದೆ. ಎಸ್.ಎಲ್. ಹಲ್ದಣ್ಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ಮೈಸೂರಿನವರು ಯಾರು ನೋಡಿಲ್ಲ! ಬಹಳ ಜನ ಅದನ್ನು ರವಿವರ್ಮನದು ಅಂತ ತಿಳಿದಿರುತ್ತಾರೆ, ಎಣ್ಣೆಬಣ್ಣ ಅಂತಲೂ ತಿಳಿದಿರುತ್ತಾರೆ. ಅದು ಜಲವರ್ಣ. ಚಿತ್ರಕ್ಕೆ ನಿಂತವರು ಹಲ್ದಣ್ಕರ್ ಅವರ ಮಗಳು. ಕತ್ತಲೆ ಕೋಣೆಯಲ್ಲಿ ಆ ಮುಖ ನಿಜವಾಗಿ ಉರಿಯುವ ದೀಪದ ಮುಂದೆ ಇದ್ದಂತೆಯೇ ಕಾಣುತ್ತದೆ. ಅಲ್ಲಿ ಬೆಳಕು ಬಂದಿರುವುದು ಬಿಳಿ ಬಣ್ಣ ಬಳಿದದ್ದರಿಂದ ಅಲ್ಲ, ಬೆಳಕಿನ ಸುತ್ತ ಕತ್ತಲೆಯನ್ನು ಹದವಾಗಿ ಕಟ್ಟಿದ್ದರಿಂದ. ನಮ್ಮ ಪೆನ್ಸಿಲ್‌ಗೂ ಅದೇ ದಾರಿ. ಕೂಟದವರೆಲ್ಲ ಸೇರಿ ಹೋಗಿ ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದೇವೆ. ಬಣ್ಣದ ಪೆನ್ಸಿಲ್ ಹಿಡಿಯುವವರು ಯಾರೇ ಮೈಸೂರಿಗೆ ಬಂದರೂ ಅರಮನೆಗಿಂತ ಮೊದಲು ಇದನ್ನು ನೋಡಿ ಅಂತ ನಾನು ಹೇಳುತ್ತೇನೆ.

ಬೂದು ಮೈಗೆ ಕಪ್ಪು ಪೆನ್ಸಿಲ್ ಮುಟ್ಟಲಿಲ್ಲ. ಕಪ್ಪನ್ನು ನೇರವಾಗಿ ಹಾಕಿದರೆ ಆ ಜಾಗ ಸತ್ತಂತೆ ಕಾಣುತ್ತದೆ. ನನ್ನಲ್ಲಿರುವುದು ಹೆಚ್ಚಾಗಿ ಫೇಬರ್ ಕ್ಯಾಸ್ಟೆಲ್‌ನ ಪಾಲಿಕ್ರೋಮೋಸ್, ಎಣ್ಣೆ ಆಧಾರದ ಪೆನ್ಸಿಲ್. ತುದಿ ಗಟ್ಟಿ, ಚೂಪು ನಿಲ್ಲುತ್ತದೆ, ಕೂದಲಿಗೆ ಒಳ್ಳೆಯದು. ಮೊದಲು ಎಲ್ಲ ಕಡೆಗೂ ಕ್ರೀಮ್, ಅರಿಶಿನ ಇದ್ದ ಕಡೆ ತಿಳಿ ಹಳದಿ. ಅದರ ಮೇಲೆ ಬಿಸಿಲಿನ ಭಾಗಕ್ಕೆ ಕಂದು ಛಾಯೆಯ ಬೂದು ವಾರ್ಮ್ ಗ್ರೇ, ನೆರಳಿನ ಭಾಗಕ್ಕೆ ನೀಲಿ ಛಾಯೆಯ ಬೂದು ಕೋಲ್ಡ್ ಗ್ರೇ. ಕುತ್ತಿಗೆಯ ಗಾಢ ಭಾಗಕ್ಕೆ ಡಾರ್ಕ್ ಇಂಡಿಗೋ ಒಂದು ಪದರ, ಅದರ ಮೇಲೆ ವಾಲ್‌ನಟ್ ಬ್ರೌನ್, ಮತ್ತೆ ಇಂಡಿಗೋ, ಕೊನೆಗೆ ಡಾರ್ಕ್ ಸೆಪಿಯಾ. ನೀಲಿ ಮತ್ತು ಕಂದು ಸೇರಿ ಆದ ಕಪ್ಪಿನಲ್ಲಿ ಉಸಿರಿರುತ್ತದೆ. ಪೆನ್ಸಿಲ್ ಬಣ್ಣ ಪೂರ್ತಿ ಮುಚ್ಚುವುದಿಲ್ಲ, ಕೆಳಗಿನದು ಮೇಲಿನದರ ಮೂಲಕ ಕಾಣುತ್ತಲೇ ಇರುತ್ತದೆ. ಕೆಳಗೆ ಹಾಕಿದ ಹಳದಿ ಕೊನೆಯ ತನಕ ಕೆಲಸ ಮಾಡುತ್ತದೆ.

ಸುಳಿಗೆ ಬಂದಾಗ ಬೇರೆ ಕಾಗದದ ಚೂರುಗಳ ಮೇಲೆ ಕೈ ಪಳಗಿಸಿಕೊಂಡೆ. ನಡುಬಿಂದುವಿನಿಂದ ಹೊರಕ್ಕೆ, ಕೂದಲಿನ ಉದ್ದಕ್ಕಷ್ಟೇ ಗೆರೆ. ಗೆರೆ ಎತ್ತುವಾಗ ಕೈ ಹಗುರವಾಗಬೇಕು, ತುದಿ ಚೂಪಾಗಬೇಕು. ಒಂದೇ ಅಳತೆಯಲ್ಲಿ ಬಂದರೆ ಅದು ಹೂವಾಗಿಬಿಡುತ್ತದೆ. ಕಾಗದವನ್ನು ತಿರುಗಿಸುತ್ತ ತಿರುಗಿಸುತ್ತ ಬರೆದೆ, ಯಾಕೆಂದರೆ ಕೈಗೆ ಸಲೀಸಾದ ದಿಕ್ಕು ಒಂದೇ. ಮೊದಲು ಕೂದಲಿನ ನಡುವಿನ ನೆರಳು, ಆಮೇಲೆ ಕೂದಲಿನ ಮೇಲೆ ತೆಳು ಬಣ್ಣ, ಮತ್ತೆ ನೆರಳು. ಬಿಸಿಲು ತಾಗಿದ ಕೆಲವು ಕೂದಲನ್ನು ಕೊನೆಗೆ ಬ್ಲೇಡಿನ ಮೂಲೆಯಿಂದ ಮೆಲ್ಲಗೆ ಕೆರೆದು ತೆಗೆದೆ. ಆ ಅಂಗೈಯಗಲ ಜಾಗಕ್ಕೆ ಹಿಡಿದಷ್ಟು ಹೊತ್ತು ಉಳಿದ ಮುಖಕ್ಕೆಲ್ಲ ಹಿಡಿಯಲಿಲ್ಲ. ಬರೆಯುವಾಗ ದೊಡ್ಡಪ್ಪನ ಮಾತು ಕಿವಿಯಲ್ಲಿತ್ತು. ಜಾತ್ರೆಯಲ್ಲಿ ಅಷ್ಟು ಜನ ಇದೇ ಜಾಗ ನೋಡಿ ಬೇಡ ಅಂದಿದ್ದರು. ನಾನು ಅದೇ ಜಾಗವನ್ನು ಅವರೆಲ್ಲರಿಗಿಂತ ಹೆಚ್ಚು ಹೊತ್ತು ನೋಡುತ್ತಿದ್ದೆ.

ಬೇಸಿಗೆ ಬಂದಿತ್ತು. ಬೆವರಿನ ಕೈ ಕಾಗದಕ್ಕೆ ತಾಗಿದರೆ ಜಿಡ್ಡು ಹತ್ತಿ ಬಣ್ಣ ಕೂರುವುದಿಲ್ಲ. ಮಣಿಕಟ್ಟಿನ ಕೆಳಗೆ ಬಟರ್ ಪೇಪರ್ ಇಟ್ಟುಕೊಂಡೇ ಬರೆದೆ. ಪೆನ್ಸಿಲ್ ಪುಡಿಯನ್ನು ಕೈಯಿಂದ ಒರೆಸದೆ ಮೆದು ಬ್ರಷ್‌ನಿಂದ ತೆಗೆದೆ. ಕೊಂಬಿನ ಉದುರಿದ ಬಣ್ಣ, ಮೂಗುದಾರದ ಹುರಿ ಇವೆಲ್ಲ ಖುಷಿಯಿಂದ ಬೇಗ ಬೇಗ ಮುಗಿದವು.

ಕೂಟದ ದಿನ ದೊಡ್ಡಪ್ಪನನ್ನು ಕರೆಸಿದೆ. ಬಿಳಿ ಪಂಚೆ, ಹೆಗಲ ಮೇಲೆ ಟವಲ್. ಅವತ್ತು ನನಗಿಂತ ಮೊದಲು ಹೇಳಿದವನು ಚಿತ್ರಕಲೆ ಓದುವ ಹುಡುಗ. ಅವನ ಚಿತ್ರದಲ್ಲಿ ಎರಡು ಕೈ ಮತ್ತು ಅರ್ಧ ಕಟ್ಟಿದ ಮಲ್ಲಿಗೆ ಮಾಲೆ, ಅಷ್ಟೇ. ಮೈಸೂರು ಮಲ್ಲಿಗೆ. ಬಿಳಿ ಕಾಗದದ ಮೇಲೆ ಬಿಳಿ ಮೊಗ್ಗು ಬರೆಯಲು ಅವನು ಬಳಸಿದ್ದು ತಿಳಿ ಹಸಿರು, ತಿಳಿ ನೇರಳೆ, ಕ್ರೀಮ್. ಅವನು ಎರಡು ಮಾತು ಹೇಳಿ ಸುಮ್ಮನಾದ. ಹೂ ಕಟ್ಟಿ ಮೊಳದ ಲೆಕ್ಕದಲ್ಲಿ ಮಾರುವ ಅವನ ಅಮ್ಮ ಅಲ್ಲೇ ಕೂತಿದ್ದರು. ಅವರು ಎದ್ದು ಬಂದು ಗಂಟನ್ನು ಹತ್ತಿರದಿಂದ ನೋಡಿ, "ಬಾಳೆ ನಾರಲ್ಲಿ ಕಟ್ಟೋದು ಹಿಂಗೇ. ದಾರದಲ್ಲಿ ಕಟ್ಟಿದ್ರೆ ಬೆರಳು ಈ ಕಡೆ ಇರ್ತಿತ್ತು. ಸರಿಯಾಗಿ ಬರೆದವನೆ," ಅಂದರು. ಚಿತ್ರಕ್ಕೆ ಇದಕ್ಕಿಂತ ದೊಡ್ಡ ಮಾತು ನಾನು ಕೇಳಿಲ್ಲ.

ನನ್ನ ಸರದಿ ಬಂದಾಗ ಮೊದಲು ಹಳದಿಯ ಕಥೆ ಹೇಳಿದೆ. ಕೆನ್ನೆಯ ಮೇಲಿನ ಅರಿಶಿನ ಎಲ್ಲಿಂದ ಬಂತು, ಕೊಂಬಿನ ಬಣ್ಣ ಯಾಕೆ ಅರ್ಧ ಉದುರಿದೆ. ಕಪ್ಪಿಲ್ಲದೆ ಕಪ್ಪು ಮಾಡಿದ ಕುತ್ತಿಗೆ ತೋರಿಸಿದೆ. ಸುಳಿಯ ಹತ್ತಿರ ಬಂದಾಗ, "ಇದನ್ನ ದೊಡ್ಡಪ್ಪನೇ ಹೇಳಬೇಕು" ಅಂತ ಅವರಿಗೆ ಬಿಟ್ಟುಕೊಟ್ಟೆ.

ದೊಡ್ಡಪ್ಪ ಜಾತ್ರೆಯನ್ನೇ ಎತ್ತಿ ತಂದರು. ಟವಲ್ ಬಿಡಿಸಿ ಮೇಷ್ಟ್ರ ಕೈಯ ಮೇಲೆ ಹಾಕಿ, ಅದರ ಕೆಳಗೆ ಬೆರಳು ಹಿಡಿದು ದಲ್ಲಾಳಿಗಳು ಬೆಲೆ ಹೇಳುವುದನ್ನು ತೋರಿಸಿದರು. ಬಾಯಿಬಿಟ್ಟು ಬೆಲೆ ಹೇಳುವಂತಿಲ್ಲ, ಪಕ್ಕದವನಿಗೆ ಗೊತ್ತಾಗಬಾರದು. ಆಮೇಲೆ ಸುಳಿಯ ಮಾತು. ಕೇಳುತ್ತಿದ್ದ ಹಿರಿಯರೊಬ್ಬರು ಕುರ್ಚಿಯಿಂದ ಎದ್ದು, ಅಂಥ ಸುಳಿ ಇರುವ ಎತ್ತನ್ನು ನಮ್ಮಪ್ಪ ಮನೆಗೆ ಸೇರಿಸುತ್ತಿರಲಿಲ್ಲ ಅಂದರು. "ನಿಮ್ಮಪ್ಪಂಗೆ ಹೇಳಿ, ಇವ್ನು ನಮ್ಮನೇಲಿ ಅಷ್ಟು ವರ್ಸ ಉತ್ತವ್ನೆ," ಅಂದರು ದೊಡ್ಡಪ್ಪ. ಇಬ್ಬರೂ ಚಿತ್ರದ ಮುಂದೆ ನಿಂತು, ಗಾಜಿನ ಮೇಲೆ ಬೆರಳಿಟ್ಟು, ಸುಳಿ ಯಾವ ಕಡೆ ತಿರುಗಿದೆ ಅಂತ ವಾದ ಮಾಡಿದರು. ಇದು ಫೋಟೋ ಅಲ್ವಾ ಅಂತ ಅವತ್ತು ಯಾರೂ ಕೇಳಲಿಲ್ಲ.

ವಾದ ಮುಗಿದ ಮೇಲೆ ದೊಡ್ಡಪ್ಪ ನನ್ನ ಕಡೆ ತಿರುಗಿದರು. "ಈ ಬೆಳ್ಳಗಿರೋ ಮೀಸೆ ಹೆಂಗ್ ಬರ್ದೆ ಕಣವ್ವ?" ಖಾಲಿ ಪೆನ್ ಕೊಟ್ಟು, ಕಾಗದದ ಮೇಲೆ ಒತ್ತಿ ಗೆರೆ ಎಳೆಯಿರಿ ಅಂದೆ. ಮೇಲೆ ಕಂದು ಪೆನ್ಸಿಲ್ ಅಡ್ಡ ಹಿಡಿದು ತೀಡಿಸಿದೆ. ಬಿಳಿ ಗೆರೆ ಎದ್ದು ಬಂತು. ಅವರು ಇನ್ನೊಮ್ಮೆ ಮಾಡಿದರು. ಆಮೇಲೆ ಅಲ್ಲಿದ್ದ ಮಕ್ಕಳನ್ನೆಲ್ಲ ಕೂರಿಸಿಕೊಂಡು ಅವರ ಕೈಲೂ ಮಾಡಿಸಿದರು.

ಚಿತ್ರ ಈಗ ದೊಡ್ಡಪ್ಪನ ಮನೆಯಲ್ಲಿದೆ. ಬಣ್ಣ ಗಾಜಿಗೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಕೊಡಿಸಿ ಫ್ರೇಮ್ ಹಾಕಿಸಿದ್ದೇನೆ. ಅವರು ಬಾಗಿಲಿನ ಎದುರು ಗೋಡೆಗೆ, ಬಂದವರಿಗೆಲ್ಲ ಕಾಣುವಂತೆ ಹಾಕಬೇಕು ಅಂದರು. ಅಲ್ಲಿ ಸಂಜೆ ಬಿಸಿಲು ನೇರ ಬೀಳುತ್ತದೆ. ಮೇಷ್ಟ್ರ ಕಿಟಕಿಯ ಪಟ್ಟಿಗಳ ಕಥೆ ಹೇಳಿ, ಒಳಗೋಡೆಗೆ ಹಾಕಲು ಒಪ್ಪಿಸಿದೆ.

ಮುಂದಿನ ಚಿತ್ರ ಆಲೆಮನೆ. ದೊಡ್ಡಪ್ಪನ ಊರಿನ ಹತ್ತಿರವೇ ಒಂದಿದೆ, ಅಲ್ಲಿಯವರು ಬರಲು ಹೇಳಿದ್ದಾರೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಮೊದಲು ಹಸಿರು ಬೆರೆತ ಬೂದು. ಕಾದಂತೆ ಕಪ್ಪು ನೊರೆ ಮೇಲೆ ಬರುತ್ತದೆ, ಅದನ್ನು ತೆಗೆದ ಮೇಲೆ ಹೊನ್ನಿನ ಬಣ್ಣ, ಪಾಕ ಬಂದಾಗ ಕೆಂಪು ಕಂದು. ಅಚ್ಚಿಗೆ ಸುರಿಯುವ ಹೊತ್ತಿನ ಬಣ್ಣ ಯಾವುದು ಅಂತ ಪಟ್ಟಿ ಹಿಡಿದು ನೋಡಬೇಕು. ಒಲೆಯ ಮುಂದೆ ಅಷ್ಟು ಹತ್ತಿರ ಪೆನ್ಸಿಲ್ ಒಯ್ದರೆ ಮೇಣ ಕರಗುತ್ತದೆ, ಹಾಗಾಗಿ ಪಟ್ಟಿಯನ್ನಷ್ಟೇ ಒಯ್ಯುತ್ತೇನೆ. ಹದ ಯಾವಾಗ ಬಂತು ಅಂತ ಹೇಳುವ ಪಾಕದವರನ್ನು ಕೂಟಕ್ಕೆ ಬರಲು ಈಗಲೇ ಕೇಳಿಟ್ಟಿದ್ದೇನೆ.